ಹಿಂಡಿನ ದಾರಿ ಮತ್ತು ಬೇಲಿ

ಒಂದು ಪ್ರಾಣಿಸಂಕುಲವನ್ನು ಉಳಿಸಬೇಕಾದರೆ ಅದು ವಾಸಿಸುವ ಪ್ರದೇಶಕ್ಕೆ ಗಡಿಯನ್ನು ಗುರುತಿಸಿ, ಕಾವಲುಗಾರರನ್ನು ನೇಮಿಸಿ, ಬೇಟೆಯನ್ನು ನಿಷೇಧಿಸಿದರೆ ಸಾಕು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬಲವಾಗಿ ನೆಲೆಯೂರಿದೆ. ನಾವು ಮಕ್ಕಳಿಗೆ ಕಲಿಸುವ ಭೂಗೋಳವೂ ಇದನ್ನೇ ಪೋಷಿಸುತ್ತದೆ: ನಕ್ಷೆಯ ಮೇಲೆ ಹಸಿರು ಬಣ್ಣದ ಒಂದು ತುಣುಕು, ಅದರೊಳಗೆ ಒಂದು ಪ್ರಾಣಿಯ ಚಿತ್ರ, ಕೆಳಗೆ ಅಭಯಾರಣ್ಯದ ಹೆಸರು. ಒಂದೆಡೆ ನೆಲೆನಿಂತು ಬದುಕುವ ಜೀವಿಗಳ ಮಟ್ಟಿಗೆ ಈ ಕ್ರಮ ಬಹುಮಟ್ಟಿಗೆ ಸರಿಯೆನ್ನಬಹುದು. ಆದರೆ ವರ್ಷದ ಹನ್ನೆರಡು ತಿಂಗಳೂ ಮಳೆಯ ಬೆನ್ನುಹತ್ತಿ ನಡೆಯುತ್ತಲೇ ಇರುವ ಜೀವಿಗಳ ಗತಿಯೇನು? ಅವುಗಳಿಗೆ ಗಡಿಯೊಳಗಿನ ನೆಲವಷ್ಟೇ ಸಾಲದು. ಒಂದು ಮೇವಿನ ನೆಲದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ತೆರೆದಿರಬೇಕು. ಪೂರ್ವ ಆಫ್ರಿಕದ ಹುಲ್ಲುಗಾವಲುಗಳಲ್ಲಿ ಪ್ರತಿವರ್ಷ ನಡೆಯುವ ಮಹಾವಲಸೆ ಈ ಸತ್ಯವನ್ನು ಎತ್ತಿ ತೋರಿಸುತ್ತದೆ. ದಾರಿಯನ್ನು ಕಾಯದ ಸಂರಕ್ಷಣೆ ಅರ್ಧ ಸಂರಕ್ಷಣೆಯೇ ಸರಿ ಎಂಬುದು ಈ ಲೇಖನದ ವಾದ.

ಟಾಂಜಾನಿಯದ ಉತ್ತರಭಾಗದಿಂದ ಕೀನ್ಯಾದ ನೈಋತ್ಯ ಮೂಲೆಯವರೆಗೆ ಹಬ್ಬಿರುವ ಸೆರೆಂಗೆಟಿ–ಮಾರಾ ಪ್ರದೇಶದ ವಿಸ್ತೀರ್ಣ ಸುಮಾರು 25,000 ಚದರ ಕಿಲೋಮೀಟರ್. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವೊಂದೇ 14,763 ಚದರ ಕಿಲೋಮೀಟರ್‌ಗಳಷ್ಟಿದೆ. 1981ರಲ್ಲಿ ಯುನೆಸ್ಕೊ ಸಂಸ್ಥೆ ಇದನ್ನು ವಿಶ್ವಪರಂಪರೆಯ ತಾಣವೆಂದು ಮಾನ್ಯಮಾಡಿತು. ಇಲ್ಲಿನ ಮುಖ್ಯ ಯಾತ್ರಿಕ ವಿಲ್ಡಬೀಸ್ಟ್ ಎಂಬ ದೊಡ್ಡ ಜಾತಿಯ ಹುಲ್ಲೆ. ದನದ ಕೊಂಬು, ಮೇಕೆಯ ಗಡ್ಡ, ಕುದುರೆಯ ಬಾಲ ಇವೆಲ್ಲವನ್ನೂ ಎರವಲು ತಂದು ಜೋಡಿಸಿದಂತೆ ಕಾಣುವ ಈ ಪ್ರಾಣಿಗೆ ರೂಪದ ಹೆಗ್ಗಳಿಕೆ ಏನೂ ಇಲ್ಲ. ಆದರೆ ಅದರ ಸಂಖ್ಯಾಬಲ ಬೆರಗುಗೊಳಿಸುವಂಥದು. ವಿಮಾನದಿಂದ ನಡೆಸಿದ ಎಣಿಕೆಗಳು ಹಲವು ದಶಕಗಳಿಂದ ಸುಮಾರು 13 ಲಕ್ಷವೆಂದು ಹೇಳುತ್ತ ಬಂದಿವೆ. 2025ರಲ್ಲಿ ಪ್ರಕಟವಾದ, ಉಪಗ್ರಹ ಚಿತ್ರಗಳನ್ನು ಆಧರಿಸಿದ ಎಣಿಕೆ ಮಾತ್ರ 6 ಲಕ್ಷಕ್ಕೂ ಕಡಿಮೆ ಎಂದು ತೋರಿಸಿ ತಜ್ಞರಲ್ಲಿ ಚರ್ಚೆಗೆ ಎಡೆಮಾಡಿಕೊಟ್ಟಿದೆ. ಎರಡರಲ್ಲಿ ಯಾವುದು ನಿಜವಾದರೂ ಲಕ್ಷಗಟ್ಟಲೆ ಪ್ರಾಣಿಗಳು ಒಂದಾಗಿ ನಡೆಯುವ ಈ ಸಂಗತಿಯ ಮಹತ್ತ್ವ ಕುಂದುವುದಿಲ್ಲ. ಎರಡು ಲಕ್ಷಕ್ಕೂ ಮೇಲ್ಪಟ್ಟ ಜೀಬ್ರಾಗಳೂ ಲಕ್ಷಾಂತರ ಥಾಮ್ಸನ್ ಚಿಗರೆಗಳೂ ಈ ಯಾತ್ರೆಯಲ್ಲಿ ಸಹಪ್ರಯಾಣಿಕರು.

ಈ ಪ್ರಾಣಿಗಳು ಏಕೆ ನಡೆಯುತ್ತವೆ? ಇದಕ್ಕೆ ಉತ್ತರ ಮಣ್ಣಿನಲ್ಲಿಯೂ ಮಳೆಯಲ್ಲಿಯೂ ಇದೆ. ಸೆರೆಂಗೆಟಿಯ ಆಗ್ನೇಯ ದಿಕ್ಕಿನಲ್ಲಿ ನ್ಗೊರೊಂಗೊರೊ ಎತ್ತರನಾಡು, ಅದರಾಚೆಗೆ ಓಲ್ ಡೊಯ್ನ್ಯೊ ಲೆಂಗೈ ಎಂಬ ಜ್ವಾಲಾಮುಖಿ. ಸಹಸ್ರಾರು ವರ್ಷಗಳಿಂದ ಈ ಬೆಟ್ಟಗಳು ಉಗುಳಿದ ಬೂದಿ ಗಾಳಿಯಲ್ಲಿ ಹಾರಿಬಂದು ಆಗ್ನೇಯದ ಬಯಲಿನ ಮೇಲೆ ಹಾಸಿಕೊಂಡಿದೆ. ಆ ಬೂದಿಮಣ್ಣಿನ ಕೆಳಗೆ ಗಟ್ಟಿಯಾದ ಸುಣ್ಣದ ಪದರವಿರುವುದರಿಂದ ಮರಗಳು ಆಳಕ್ಕೆ ಬೇರು ಬಿಡಲಾರವು. ಎಲ್ಲಿ ನೋಡಿದರೂ ಗೇಣುದ್ದದ ಹುಲ್ಲು. ಆದರೆ ಆ ಗಿಡ್ಡ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಮೊದಲಾದ ಖನಿಜಾಂಶಗಳು ಸಮೃದ್ಧವಾಗಿವೆ. ಮರಿಗೆ ಹಾಲೂಡಬೇಕಾದ ತಾಯಿಗೆ ಇದಕ್ಕಿಂತ ಮೇಲಾದ ಮೇವು ಬೇರೊಂದಿಲ್ಲ. ಆದರೆ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್ ಮಾತ್ರ. ಮಳೆ ನಿಂತ ಕೆಲವೇ ವಾರಗಳಲ್ಲಿ ಹೊಂಡಗಳು ಬತ್ತಿ, ಹುಲ್ಲು ಒಣಗಿ, ಬಯಲು ಬರಿದಾಗುತ್ತದೆ.

ವಾಯವ್ಯಕ್ಕೆ, ಉತ್ತರಕ್ಕೆ ಹೋದಂತೆ ಮಳೆ ಹೆಚ್ಚುತ್ತದೆ. ಮಾರಾ ನದಿಯ ಕಡೆಗೆ ಅದು 1,000 ಮಿಲಿಮೀಟರನ್ನೂ ದಾಟುತ್ತದೆ. ಅಲ್ಲಿ ನೀರುಂಟು, ಆಳೆತ್ತರದ ಹುಲ್ಲುಂಟು, ಬೇಸಗೆಯಲ್ಲಿಯೂ ಹಸಿರುಂಟು. ಆದರೆ ಅಲ್ಲಿನ ಹುಲ್ಲು ಒರಟು, ಸತ್ತ್ವದಲ್ಲಿ ಬಡವಾದದ್ದು. ಅಂದರೆ ಸತ್ತ್ವವಿದ್ದಲ್ಲಿ ನೀರಿಲ್ಲ, ನೀರಿದ್ದಲ್ಲಿ ಸತ್ತ್ವವಿಲ್ಲ. ಇವೆರಡರಲ್ಲಿ ಯಾವುದೊಂದನ್ನೇ ನಂಬಿ ನಿಂತರೂ ಇಷ್ಟು ದೊಡ್ಡ ಹಿಂಡು ಬದುಕುವುದು ಅಸಾಧ್ಯ. ಎರಡನ್ನೂ ನಡಿಗೆಯಿಂದ ಜೋಡಿಸಿಕೊಂಡಾಗ ಮಾತ್ರ ಲಕ್ಷೋಪಲಕ್ಷ ಪ್ರಾಣಿಗಳಿಗೆ ಅನ್ನ ದೊರೆಯುತ್ತದೆ. ವಲಸೆಯ ಗುಟ್ಟೆಲ್ಲ ಇಷ್ಟೇ. ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಿಂಡುಗಳು ಆಗ್ನೇಯದ ಗಿಡ್ಡಹುಲ್ಲಿನ ಬಯಲಿನಲ್ಲಿರುತ್ತವೆ. ಫೆಬ್ರವರಿಯ ಆಸುಪಾಸಿನಲ್ಲಿ, ಸುಮಾರು ಮೂರೇ ವಾರಗಳ ಅವಧಿಯಲ್ಲಿ, ಗರ್ಭಧರಿಸಿದ ವಿಲ್ಡಬೀಸ್ಟ್‌ಗಳಲ್ಲಿ ಶೇಕಡಾ 80ರಷ್ಟು ಈಯುತ್ತವೆ. ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ತೀರದಷ್ಟು ಮರಿಗಳು ಒಮ್ಮೆಗೇ ಹುಟ್ಟುವುದರಿಂದ ಬಹುಪಾಲು ಉಳಿದುಕೊಳ್ಳುತ್ತವೆ. ಹುಟ್ಟಿದ ಮರಿ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು, ತಾಯಿಯ ಹಿಂದೆ ಓಡತೊಡಗುತ್ತದೆ. ಮೇ ತಿಂಗಳ ವೇಳೆಗೆ ಬಯಲು ಒಣಗಿದಾಗ ಯಾತ್ರೆ ಹೊರಡುತ್ತದೆ: ಕೆಲವು ಹಿಂಡುಗಳು ವಿಕ್ಟೋರಿಯ ಸರೋವರದ ದಿಕ್ಕಿಗೆ ಚಾಚಿದ ಪಶ್ಚಿಮದ ಪಟ್ಟಿಯಲ್ಲಿ, ಕೆಲವು ನೇರವಾಗಿ ಉತ್ತರಕ್ಕೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ದಡಗಳಲ್ಲಿ ವಾಸ. ನವೆಂಬರಿನ ಮೋಡಗಳು ದಕ್ಷಿಣದಲ್ಲಿ ಕವಿದೊಡನೆ ಮರುಪ್ರಯಾಣ. ಜೀಬ್ರಾಗಳು ಮುಂದೆ ನಡೆದು ಎತ್ತರದ ಒರಟು ಹುಲ್ಲನ್ನು ಕತ್ತರಿಸುತ್ತವೆ. ವಿಲ್ಡಬೀಸ್ಟ್ ಹಿಂದೆ ಬಂದು ಕೆಳಗಿನ ಎಲೆಯನ್ನು ಮೇಯುತ್ತದೆ. ಕೊನೆಗೆ ಬರುವ ಚಿಗರೆಗೆ ಮತ್ತೆ ಚಿಗುರಿದ ಎಳೆಹುಲ್ಲು ಮೀಸಲು.

ಮಾರಾ ನದಿಯನ್ನು ದಾಟುವಾಗ ಪ್ರವಾಹಕ್ಕೂ ನೂಕುನುಗ್ಗಲಿಗೂ ಸಿಕ್ಕಿ ವರ್ಷಕ್ಕೆ ಸರಾಸರಿ 6,000ಕ್ಕೂ ಮಿಕ್ಕಿದ ವಿಲ್ಡಬೀಸ್ಟ್‌ಗಳು ಸಾಯುತ್ತವೆಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕಹಾಕಿತು. ಆ ಸಾವೂ ವ್ಯರ್ಥವಲ್ಲ. ಮೊಸಳೆಗಳೂ ರಣಹದ್ದುಗಳೂ ಮೀನುಗಳೂ ಅದರಿಂದ ಬದುಕುತ್ತವೆ. ಎಲುಬುಗಳು ವರ್ಷಗಟ್ಟಲೆ ಕರಗುತ್ತ ನದಿಗೆ ರಂಜಕವನ್ನು ಒದಗಿಸುತ್ತವೆ. ಹಿಂಡಿನ ಉಪಕಾರ ನೆಲದ ಮೇಲೆ ಇನ್ನೂ ದೊಡ್ಡದು. ಅದು ಹುಲ್ಲನ್ನು ಮೇಯುವುದರಿಂದ ಒಣಹುಲ್ಲು ಉಳಿಯುವುದು ಕಡಿಮೆಯಾಗುತ್ತದೆ, ಕಾಡುಬೆಂಕಿ ತಗ್ಗುತ್ತದೆ, ಸಸಿಗಳು ಮರಗಳಾಗುತ್ತವೆ, ಮಣ್ಣಿನಲ್ಲಿಯೂ ಮರದಲ್ಲಿಯೂ ಇಂಗಾಲ ಸಂಚಯವಾಗುತ್ತದೆ. ಹೀಗೆ ನಡೆಯುವ ಹಿಂಡು ತಾನು ನಡೆಯುವ ನೆಲವನ್ನು ತಾನೇ ರೂಪಿಸುತ್ತದೆ.

ಇದನ್ನು ಜಗತ್ತು ಕಂಡುಕೊಂಡದ್ದು ಒಂದು ಮಹಾಮಾರಿಯ ಮೂಲಕ. ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ 1880ರ ದಶಕದ ಕೊನೆಯಲ್ಲಿ ಇಥಿಯೋಪಿಯದ ಕಡೆಯಿಂದ ಪೂರ್ವ ಆಫ್ರಿಕಕ್ಕೆ ನುಗ್ಗಿತು. ದನಗಳು ಸತ್ತವು, ದನಗಳನ್ನೇ ನಂಬಿದ ಮಸಾಯಿ ಜನ ಹಸಿವಿನಿಂದ ಸತ್ತರು, ಕಾಡಿನ ಹುಲ್ಲೆಗಳೂ ಸತ್ತವು. ಅಲ್ಲಿಂದ ಸುಮಾರು ಎಪ್ಪತ್ತು ವರ್ಷ ವಿಲ್ಡಬೀಸ್ಟ್‌ಗಳ ಸಂಖ್ಯೆ ಮೇಲೇಳಲಿಲ್ಲ. ಉದ್ಯಾನದ ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ, 1963ರ ವೇಳೆಗೆ, ವಿಲ್ಡಬೀಸ್ಟ್‌ಗಳಲ್ಲಿಯೂ ರೋಗ ಕಾಣದಾಯಿತು. 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಹಿಂಡು 1977ರ ಹೊತ್ತಿಗೆ 13 ಲಕ್ಷದ ಸಮೀಪಕ್ಕೆ ಬೆಳೆಯಿತು. ಇದೇ ರೋಗದ ವಿರುದ್ಧ ನಮ್ಮ ದೇಶದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬವರು 1920ರ ದಶಕದಲ್ಲಿ ರೋಗಾಣುವನ್ನು ಆಡುಗಳ ಮೂಲಕ ಹಾಯಿಸಿ ಸೌಮ್ಯಗೊಳಿಸಿದ್ದರು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಇನ್ನೂ ಸುರಕ್ಷಿತವಾದ ಲಸಿಕೆಯನ್ನು ಸಿದ್ಧಪಡಿಸಿದರು. 2011ರಲ್ಲಿ ಈ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಇಲ್ಲಿ ಗಮನಿಸಬೇಕಾದ ಅಂಶ ಇದು: ಉದ್ಯಾನದ ಒಳಗಿನ ಕಾಡುಪ್ರಾಣಿಯನ್ನು ಬದುಕಿಸಿದ್ದು ಉದ್ಯಾನದ ಹೊರಗಿನ ದನಕ್ಕೆ ಮಾಡಿದ ಚಿಕಿತ್ಸೆ. ಒಳಗು ಹೊರಗುಗಳ ಭೇದ ಆಡಳಿತದ ಕಡತಗಳಲ್ಲಿ ಇರಬಹುದು. ನಿಸರ್ಗದಲ್ಲಿ ಅದಕ್ಕೆ ಅರ್ಥವಿಲ್ಲ.

ಆದರೂ ಗಡಿ ಎಳೆಯುವವರು ಈ ಪಾಠವನ್ನು ಬೇಗ ಕಲಿಯಲಿಲ್ಲ. 1950ರ ದಶಕದಲ್ಲಿ ಸೆರೆಂಗೆಟಿಯ ಗಡಿಯನ್ನು ಬದಲಿಸುವ ಪ್ರಶ್ನೆ ಬಂದಾಗ ಜರ್ಮನಿಯ ಬೆರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮಿಖಾಯೆಲ್ ಸಣ್ಣ ವಿಮಾನವೊಂದರಲ್ಲಿ ಹಾರಾಡಿ ಹಿಂಡುಗಳನ್ನು ಎಣಿಸಿದರು, ಅವು ಹೋಗುವ ದಾರಿಯನ್ನು ಗುರುತಿಸಿದರು. ಉದ್ಯಾನದಿಂದ ಕೈಬಿಡಲು ಹೊರಟಿದ್ದ ಪೂರ್ವದ ಬಯಲನ್ನೇ ಹಿಂಡುಗಳು ಮಳೆಗಾಲದಲ್ಲಿ ಆಶ್ರಯಿಸುತ್ತವೆಂದು ಅವರು ಕಂಡುಕೊಂಡರು. 1959ರ ಜನವರಿಯಲ್ಲಿ ವಿಮಾನಕ್ಕೆ ರಣಹದ್ದು ಬಡಿದು ಮಿಖಾಯೆಲ್ ಮರಣಹೊಂದಿದರು. ಅದೇ ವರ್ಷ ಹೊಸ ಗಡಿ ಜಾರಿಗೆ ಬಂದಿತು. ಪೂರ್ವದ ಬಯಲು ಉದ್ಯಾನದ ಹೊರಗೇ ಉಳಿದು ನ್ಗೊರೊಂಗೊರೊ ಸಂರಕ್ಷಣಾ ಪ್ರದೇಶಕ್ಕೆ ಸೇರಿತು. ಅಲ್ಲಿ ಬೇಲಿ ಬೀಳದೆ ಬಯಲು ಬಯಲಾಗಿಯೇ ಉಳಿದದ್ದು ಹಿಂಡುಗಳ ಪುಣ್ಯ.

ಬೇಲಿ ಬಿದ್ದ ಕಡೆ ಏನಾಯಿತೆಂಬುದನ್ನೂ ನೋಡೋಣ. ಮಸಾಯಿ ಮಾರಾಕ್ಕೂ ಅದರ ಈಶಾನ್ಯಕ್ಕಿರುವ ಲೋಯಿಟಾ ಬಯಲಿಗೂ ನಡುವೆ ಕೀನ್ಯಾದೊಳಗೇ ನಡೆಯುತ್ತಿದ್ದ ಇನ್ನೊಂದು ವಲಸೆಯಿತ್ತು. 1970ರ ದಶಕದ ಕೊನೆಯಲ್ಲಿ ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಿಲ್ಡಬೀಸ್ಟ್‌ಗಳಿದ್ದವು. ಆಮೇಲೆ ಲೋಯಿಟಾ ಬಯಲಿನಲ್ಲಿ ಗೋಧಿಯ ದೊಡ್ಡ ಹೊಲಗಳು ಬಂದವು. ಹಿಂಡುಗಳು ಮರಿಹಾಕುತ್ತಿದ್ದ ನೆಲ ಉಳುಮೆಗೆ ಸಿಕ್ಕಿತು. ಇಪ್ಪತ್ತು ವರ್ಷಗಳಲ್ಲಿ ಸಂಖ್ಯೆ ಹಿಂದಿನದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಯಿತು. ಮಾರಾದೊಳಗೆ ಕಾವಲಿತ್ತು, ಕಾನೂನಿತ್ತು. ಆದರೆ ಅಪಾಯ ಬಂದದ್ದು ಹೊರಗಿನಿಂದ. ನೈರೋಬಿ ನಗರದ ಮಗ್ಗುಲಲ್ಲಿ 1946ರಲ್ಲಿ ಸ್ಥಾಪಿತವಾದ ಉದ್ಯಾನದ ಕಥೆಯೂ ಇದೇ. ಮೂರು ಕಡೆ ಬೇಲಿ, ದಕ್ಷಿಣದಲ್ಲಿ ಮಾತ್ರ ತೆರೆದ ಬಾಗಿಲು. ಆ ಬಾಗಿಲಿನಾಚೆಯ ಬಯಲಿನಲ್ಲಿ ಮನೆಗಳು, ಕಲ್ಲುಗಣಿಗಳು, ತಂತಿಬೇಲಿಗಳು ಎದ್ದಂತೆ ಸಾವಿರಗಟ್ಟಲೆ ಬರುತ್ತಿದ್ದ ವಿಲ್ಡಬೀಸ್ಟ್‌ಗಳ ವಲಸೆ ಕುಸಿದುಬಿದ್ದಿತು.

ಎಲ್ಲಕ್ಕಿಂತ ದಾರುಣವಾದದ್ದು ದಕ್ಷಿಣ ಆಫ್ರಿಕ ಭಾಗದ ಬೋಟ್ಸ್ವಾನದ ಅನುಭವ. ಗೋಮಾಂಸವನ್ನು ಯುರೋಪಿಗೆ ರಫ್ತುಮಾಡಬೇಕಾದರೆ ಕಾಲುಬಾಯಿ ಜ್ವರ ಹರಡದಂತೆ ನೋಡಿಕೊಳ್ಳಬೇಕಾಗಿತ್ತು. ಅದಕ್ಕಾಗಿ 1950ರ ದಶಕದಿಂದ ಕಲಹಾರಿಯ ಬಯಲಿಗೆ ಅಡ್ಡಲಾಗಿ ನೂರಾರು ಕಿಲೋಮೀಟರ್ ಉದ್ದದ ತಂತಿಬೇಲಿಗಳನ್ನು ಎಳೆಯಲಾಯಿತು. ಬರಗಾಲ ಬಂದಾಗ ನೀರಿನ ಕಡೆಗೆ ಹೊರಟ ವಿಲ್ಡಬೀಸ್ಟ್‌ಗಳು ಬೇಲಿಗೆ ಬಂದು ತಡೆದು ನಿಂತವು. 1980ರ ದಶಕದ ಬರದಲ್ಲಿ ಹತ್ತಾರು ಸಾವಿರ ಪ್ರಾಣಿಗಳು ಬಾಯಾರಿ ಸತ್ತವು. ಅವುಗಳನ್ನು ಕೊಲ್ಲಬೇಕೆಂದು ಯಾರೂ ಬಯಸಿರಲಿಲ್ಲ. ಬೇಲಿ ಹಾಕಿದ ಅಧಿಕಾರಿಗೆ ತನ್ನ ರೈತರ ದನಗಳ ಹಿತ ಕಾಣಿಸಿತು, ಹಿಂಡಿನ ದಾರಿ ಕಾಣಿಸಲಿಲ್ಲ. ಕಾಣದೆ ಮಾಡುವ ಹಾನಿ ಕಂಡು ಮಾಡುವ ಹಾನಿಗಿಂತ ಚಿಕ್ಕದೆಂದು ಹೇಳಲು ಬರುವುದಿಲ್ಲ.

ಅದೇ ನಾಡಿನಿಂದ ಒಂದು ಆಶಾದಾಯಕ ಸಂಗತಿಯೂ ಬಂದಿದೆ. ಒಕವಾಂಗೊ ನದೀಮುಖಜಭೂಮಿಯಿಂದ ಮಕ್ಗಡಿಕ್ಗಡಿ ಉಪ್ಪುಬಯಲಿಗೆ ಹೋಗುವ ಜೀಬ್ರಾಗಳ ದಾರಿಯನ್ನು 1968ರಲ್ಲಿ ಕಟ್ಟಿದ ಬೇಲಿ ಮುಚ್ಚಿತ್ತು. 2004ರಲ್ಲಿ ಅದನ್ನು ಕಿತ್ತುಹಾಕಿದರು. ಮೂವತ್ತಾರು ವರ್ಷಗಳ ಹಿಂದಿನ ಆ ದಾರಿಯನ್ನು ನಡೆದು ಬಲ್ಲ ಜೀಬ್ರಾ ಒಂದೂ ಉಳಿದಿರುವುದು ಸಾಧ್ಯವಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಜೀಬ್ರಾಗಳು ಮತ್ತೆ ಆ ಯಾತ್ರೆಯನ್ನು ಆರಂಭಿಸಿದ್ದನ್ನು ಸಂಶೋಧಕರು ದಾಖಲಿಸಿದರು. ತಡೆಯನ್ನು ತೆಗೆದರೆ ನಿಸರ್ಗ ತನ್ನ ಕೆಲಸವನ್ನು ತಾನು ಮಾಡಿಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಎದುರುಪಕ್ಷದ ಮಾತನ್ನು ಕಡೆಗಣಿಸಲಾಗದು. ಆಫ್ರಿಕದ ಜನರಿಗೆ ಹೊಲ ಬೇಡವೇ, ರಸ್ತೆ ಬೇಡವೇ, ಆಸ್ಪತ್ರೆಗೆ ಹೋಗುವ ದಾರಿ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ದೂರದಲ್ಲಿ ಕುಳಿತು, ಬೇರೆಯವರ ನಾಡಿನ ಬಡವರು ಪ್ರಾಣಿಗಳಿಗಾಗಿ ತ್ಯಾಗಮಾಡಬೇಕೆಂದು ಉಪದೇಶಿಸುವುದು ಸುಲಭ. 2010ರಲ್ಲಿ ಟಾಂಜಾನಿಯ ಸರ್ಕಾರ ಸೆರೆಂಗೆಟಿಯ ಉತ್ತರಭಾಗವನ್ನು ಸೀಳಿಕೊಂಡು ಹೋಗುವ ಹೆದ್ದಾರಿಯನ್ನು ಯೋಚಿಸಿದಾಗ ಅದರ ಹಿಂದೆ ವಿಕ್ಟೋರಿಯ ಸರೋವರದ ಬಳಿಯ ಜನರ ನಿಜವಾದ ಅಗತ್ಯವಿತ್ತು. ವಿವಾದ ಪೂರ್ವ ಆಫ್ರಿಕದ ನ್ಯಾಯಾಲಯವನ್ನು ಮುಟ್ಟಿತು. 2014ರಲ್ಲಿ ಅದು ಉದ್ಯಾನದೊಳಗೆ ಡಾಂಬರು ರಸ್ತೆ ಕೂಡದೆಂದು ತೀರ್ಪಿತ್ತಿತು. ರಸ್ತೆ ಬೇಕೆಂಬ ಜನರಿಗೆ ಉದ್ಯಾನವನ್ನು ಬಳಸಿ ಹೋಗುವ ದಕ್ಷಿಣದ ದಾರಿಯನ್ನು ತಜ್ಞರು ಸೂಚಿಸಿದ್ದರು. ಬೇಡವೆಂದು ಹೇಳುವವರು ಬದಲಿ ದಾರಿಯನ್ನೂ ತೋರಿಸಬೇಕು. ಅದರ ಖರ್ಚಿನಲ್ಲಿ ಪಾಲನ್ನೂ ಹೊರಬೇಕು.

ಮಸಾಯಿ ಜನರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅವರೂ ಮಳೆಯನ್ನು ಹಿಂಬಾಲಿಸಿ ದನ ಹೊಡೆದುಕೊಂಡು ಹೋಗುವ ಜನ. ಹುಲ್ಲಿನ ಮರ್ಮವನ್ನು ಬಲ್ಲವರು. ವಿಲ್ಡಬೀಸ್ಟ್‌ಗಳು ಮರಿಹಾಕುವ ಕಾಲದಲ್ಲಿ ಅವುಗಳಿಂದ ದನಗಳಿಗೆ ಮಾರಕವಾದ ಜ್ವರ ತಗಲುತ್ತದೆಂದು ತಿಳಿದು, ಆ ಬಯಲನ್ನು ಬಿಟ್ಟುಕೊಟ್ಟು ತಮ್ಮ ದನಗಳನ್ನು ದೂರ ಒಯ್ಯುತ್ತಿದ್ದವರು. ಅಂಥವರನ್ನು 1959ರಲ್ಲಿ ಸೆರೆಂಗೆಟಿಯಿಂದ ಹೊರಗೆ ಕಳುಹಿಸಲಾಯಿತು. ನ್ಗೊರೊಂಗೊರೊದಲ್ಲಿ ಇರಬಹುದೆಂದು ಮಾತು ಕೊಡಲಾಯಿತು. 2022ರಿಂದ ಅಲ್ಲಿಂದಲೂ ಅವರನ್ನು ದೂರದ ಊರುಗಳಿಗೆ ಸಾಗಿಸುವ ಕಾರ್ಯ ನಡೆದಿದೆ. ಇದು ಸ್ವಇಚ್ಛೆಯ ಸ್ಥಳಾಂತರವೆಂದು ಸರ್ಕಾರ ಹೇಳಿದರೂ ಮಸಾಯಿಗಳಲ್ಲಿ ಅನೇಕರು ಅದನ್ನು ಒಪ್ಪಿಲ್ಲ. ಹಿಂಡಿನ ದಾರಿಯನ್ನು ಉಳಿಸುವ ನೆಪದಲ್ಲಿ ಮನುಷ್ಯರ ದಾರಿಯನ್ನು ಮುಚ್ಚುವುದು ಧರ್ಮವಲ್ಲ. ಅದು ವಿವೇಕವೂ ಅಲ್ಲ. ಹೊರಹಾಕಲ್ಪಟ್ಟವನು ಕಾಡಿನ ಮಿತ್ರನಾಗಿ ಉಳಿಯುವನೆಂದು ನಿರೀಕ್ಷಿಸುವುದು ಹೇಗೆ?

ಕೀನ್ಯಾದಲ್ಲಿ ತೊಡಕು ಬೇರೆ ಬಗೆಯದು. ಹಿಂದೆ ಸಮುದಾಯದ ಒಡೆತನದಲ್ಲಿದ್ದ ಮೇವಿನ ನೆಲ ಹಂಚಿಹೋಗಿ ಒಬ್ಬೊಬ್ಬರ ಹೆಸರಿಗೆ ಬಂದಿತು. ನೆರೆಯವನು ಬೇಲಿ ಹಾಕಿದರೆ ತನ್ನ ಹುಲ್ಲು ಪರರ ಪಾಲಾದೀತೆಂಬ ಭಯದಿಂದ ಇವನೂ ಹಾಕುತ್ತಾನೆ. ಕೊನೆಗೆ ಕಾಡುಪ್ರಾಣಿಗೂ ದಾರಿಯಿಲ್ಲ, ಬರಗಾಲದಲ್ಲಿ ಅವರವರ ದನಗಳಿಗೂ ದಾರಿಯಿಲ್ಲ. ಗೋಮಾಳಗಳು ಒತ್ತುವರಿಯಾಗುವುದನ್ನು ಕಣ್ಣಾರೆ ಕಂಡ ನಮ್ಮ ಹಳ್ಳಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಅಲ್ಲಿಯವರೇ ಕಂಡುಕೊಂಡ ಒಂದು ಪರಿಹಾರವಿದೆ. 2000ದ ದಶಕದ ಮಧ್ಯದಿಂದ ಮಾರಾದ ಸುತ್ತಲಿನ ಅನೇಕ ಭೂಮಾಲಿಕರು ತಮ್ಮ ತುಂಡುಭೂಮಿಗಳನ್ನು ಒಟ್ಟುಗೂಡಿಸಿ, ಬೇಲಿಯಿಲ್ಲದೆ ಉಳಿಸಿ, ಪ್ರವಾಸೋದ್ಯಮಿಗಳಿಂದ ನಿಯತವಾದ ಗೇಣಿ ಪಡೆಯುತ್ತಿದ್ದಾರೆ. ಭೂಮಿ ಅವರದೇ, ದನವೂ ಮೇಯುತ್ತದೆ, ಹಿಂಡೂ ಹಾಯುತ್ತದೆ. 2020ರಲ್ಲಿ ಕೊರೊನಾ ಪಿಡುಗಿನಿಂದ ಪ್ರವಾಸಿಗರು ಬಾರದೆ ಹೋದಾಗ ಈ ಏರ್ಪಾಡಿನ ದೌರ್ಬಲ್ಯವೂ ಬಯಲಾಯಿತು. ಪ್ರವಾಸಿಯ ಕಿಸೆಯೊಂದನ್ನೇ ನಂಬದೆ, ಬರದ ವರ್ಷಕ್ಕೆಂದು ಕಾಳು ಕೂಡಿಡುವಂತೆ ನಿಧಿಯೊಂದನ್ನು ಕೂಡಿಡುವುದು ಅಗತ್ಯ. ಆದರೆ ಮಾರ್ಗ ಮಾತ್ರ ಇದೇ ಸರಿಯಾದದ್ದೆಂದು ನನ್ನ ದೃಢವಾದ ಅಭಿಪ್ರಾಯ. ದಾರಿಯನ್ನು ತೆರೆದಿಡುವವನಿಗೆ ಅದರ ಬೆಲೆ ಸಲ್ಲಬೇಕು.

ಇನ್ನೂ ಕಾಲ ಮಿಂಚಿಲ್ಲ. ದಕ್ಷಿಣ ಸೂಡಾನಿನಲ್ಲಿ ಸುಮಾರು 60 ಲಕ್ಷ ಹುಲ್ಲೆ ಚಿಗರೆಗಳು ಬಯಲಿನಿಂದ ಬಯಲಿಗೆ ವಲಸೆ ಹೋಗುತ್ತಿವೆಯೆಂದು 2024ರಲ್ಲಿ ಪ್ರಕಟವಾದ ವೈಮಾನಿಕ ಎಣಿಕೆ ತಿಳಿಸಿತು. ಸಂಖ್ಯೆಯಲ್ಲಿ ಇದು ಸೆರೆಂಗೆಟಿಯನ್ನೂ ಮೀರಿಸಿದ್ದು. ದಶಕಗಳ ಅಂತರ್ಯುದ್ಧದಿಂದಾಗಿ ಅಲ್ಲಿ ರಸ್ತೆಯೂ ಬೇಲಿಯೂ ಅಷ್ಟಾಗಿ ಹಬ್ಬಲಿಲ್ಲ. ಶಾಂತಿ ನೆಲೆಸಿದಂತೆ ಅವು ಬಂದೇ ಬರುತ್ತವೆ, ಬರಲೂ ಬೇಕು. ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದನ್ನು ಮೊದಲೇ ನಿಶ್ಚಯಿಸುವ ಅವಕಾಶ ಆ ದೇಶಕ್ಕೆ ಇನ್ನೂ ಇದೆ. ಲೋಯಿಟಾ ಬಯಲಿಗೆ ಆ ಅವಕಾಶ ದೊರೆಯಲಿಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಆಫ್ರಿಕದ ಪ್ರಾಣಿಗಳ ಪಾಠ ಮಾಡುವಾಗ ಸಿಂಹದ ಚಿತ್ರದೊಡನೆ ಹಿಂಡಿನ ದಾರಿಯ ನಕ್ಷೆಯನ್ನೂ ಕಪ್ಪುಹಲಗೆಯ ಮೇಲೆ ಬರೆಯಿರಿ. ಯಾವ ತಿಂಗಳಲ್ಲಿ ಮಳೆ ಎಲ್ಲಿ, ಹುಲ್ಲು ಎಲ್ಲಿ, ಹಿಂಡು ಎಲ್ಲಿ ಎಂದು ಮಕ್ಕಳಿಂದಲೇ ಗುರುತು ಹಾಕಿಸಿರಿ. ಆಮೇಲೆ ಆ ದಾರಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ಇದು ಬೇಲಿ, ಈಗ ಏನಾಗುತ್ತದೆ ಎಂದು ಕೇಳಿರಿ. ಮಗು ತಾನೇ ಯೋಚಿಸಿ ಹೇಳುವ ಉತ್ತರದಲ್ಲಿ ಭೂಗೋಳವೂ ಇರುತ್ತದೆ, ಜೀವಶಾಸ್ತ್ರವೂ ಇರುತ್ತದೆ, ನ್ಯಾಯದ ವಿಚಾರವೂ ಇರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವಲಸೆಯನ್ನು ಕಾಣಲು ಕೀನ್ಯಾಕ್ಕೋ ಟಾಂಜಾನಿಯಕ್ಕೋ ಹೋಗಬಲ್ಲವರು ಇದ್ದರೆ, ತಾವು ತೆರುವ ಹಣದಲ್ಲಿ ಆ ನೆಲದ ಒಡೆಯನಿಗೆ ಎಷ್ಟು ಸೇರುತ್ತದೆಂದು ವಿಚಾರಿಸಿ ಹೋಗಲಿ. ಧನವನ್ನು ಸತ್ಕಾರ್ಯಕ್ಕೆ ವಿನಿಯೋಗಿಸುವವರೂ ಇದನ್ನೇ ಕೇಳಲಿ: ನಮ್ಮ ಹಣ ಗಡಿಯೊಂದನ್ನೇ ಕಾಯುತ್ತಿದೆಯೋ, ದಾರಿಯನ್ನೂ ಕಾಯುತ್ತಿದೆಯೋ? ಈ ಪ್ರಶ್ನೆಯನ್ನು ಕೇಳುವವರ ಸಂಖ್ಯೆ ಹೆಚ್ಚಿದಷ್ಟೂ ಆ ಹಿಂಡುಗಳು ಮುಂದಿನ ಮಳೆಯನ್ನು ಮುಟ್ಟುವ ಸಂಭವವೂ ಹೆಚ್ಚುತ್ತದೆ.